ಕೋವಿಯ ಮಣಿ ಮತ್ತು ಕಾವಲಿನ ಕಣ್ಣು: ನಮ್ಮ ಸೀಮೆಯ ಬೆಳೆ ಕಾವಲಿನ ಕಥೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಇತಿಹಾಸ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಕೋಟೆಯ ಇತಿಹಾಸವನ್ನು ಬಲ್ಲವರು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ಆದರೆ ಕೋಟೆಯ ಕೆಳಗೆ ಗದ್ದೆ ತೋಟ ಮಾಡಿಕೊಂಡು ಬಂದ ನಮ್ಮಂಥವರ ಮನೆಯ ಜಗಲಿಯ ಗೋಡೆಗೆ ಒಂದು ಕೋವಿ ತೂಗುಹಾಕಿರುತ್ತಿತ್ತಲ್ಲ, ಅದರ ಇತಿಹಾಸ ಬರೆದವರು ಕಡಿಮೆ. ಹಂದಿ, ಮಂಗ, ಮುಳ್ಳುಹಂದಿ, ನರಿ ಇವುಗಳಿಂದ ಬೆಳೆ ಉಳಿಸಿಕೊಳ್ಳಲು ನಮ್ಮ ಹಿರಿಯರು ಏನೇನು ಮಾಡಿದರು, ಕೋವಿಯಲ್ಲಿ ಗುರಿ ಹಿಡಿಯುವ ಬಗೆ ಹೇಗೆ ಬದಲಾಯಿತು, ಈಗ ಹುಡುಗರು ಕೇಳುವ ದುರ್ಬೀನು ನಮಗೆ ಎಷ್ಟು ಒಗ್ಗುತ್ತದೆ ಎಂಬುದನ್ನು ನಾವು ತಿಳಿದಷ್ಟು ಇಲ್ಲಿ ಹೇಳುತ್ತೇವೆ.

ಕವಲೇದುರ್ಗ ಎಂದರೆ ಕಾವಲುದುರ್ಗ ಎಂದು ನಮ್ಮ ಕಡೆ ಹೇಳುವುದುಂಟು. ಭುವನಗಿರಿ ದುರ್ಗ ಎಂಬುದು ಅದರ ಇನ್ನೊಂದು ಹೆಸರು. ಕೆಳದಿ ಅರಸರು ರಾಜ್ಯ ಕಾದದ್ದು ಮೇಲಿನ ಕೋಟೆಯಲ್ಲಿ. ನಾವು ಬೆಳೆ ಕಾದದ್ದು ಕೆಳಗಿನ ಗದ್ದೆಯ ಮಾಳದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಡೀ ತಾಲ್ಲೂಕಿಗೇ ಕವಲೇದುರ್ಗದ ಹೆಸರಿತ್ತು, ತೀರ್ಥಹಳ್ಳಿಯ ಹೆಸರು ಬಂದದ್ದು ಆಮೇಲೆ. ಶಿವಪ್ಪನಾಯಕರ ಶಿಸ್ತು ಎಂದರೆ ನಾಡಿಗೆಲ್ಲ ಗೊತ್ತು. ಅದು ಅರಮನೆಯ ಪಾಲು ಎಷ್ಟು, ರೈತನ ಪಾಲು ಎಷ್ಟು ಎಂದು ಗೊತ್ತುಮಾಡಿತು. ಹಂದಿಯ ಪಾಲು ಎಷ್ಟು, ಮಂಗನ ಪಾಲು ಎಷ್ಟು ಎಂದು ಗೊತ್ತುಮಾಡುವ ಶಿಸ್ತು ಇನ್ನೂ ಬಂದಿಲ್ಲ. ಅದನ್ನು ಅವೇ ಗೊತ್ತುಮಾಡಿಕೊಳ್ಳುತ್ತವೆ.

ಕೋವಿ ಬರುವ ಮೊದಲೂ ಕಾವಲು ಇತ್ತು. ಗದ್ದೆಯ ನಡುವೆ ನಾಲ್ಕು ಕಂಬದ ಮೇಲೆ ಮಾಳ ಕಟ್ಟಿ, ಕೆಳಗೆ ಕುಂಟೆ ಹೊತ್ತಿಸಿ, ರಾತ್ರಿಯಿಡೀ ಕೂಗು ಹಾಕುತ್ತಿದ್ದರು. ಒಂದು ಮಾಳದ ಕೂಗಿಗೆ ಇನ್ನೊಂದು ಮಾಳದವರು ಕೂಗು ಕೊಟ್ಟರೆ ಎಚ್ಚರವಾಗಿದ್ದಾರೆ ಅಂತ ಲೆಕ್ಕ. ಹಗಲು ಗಿಳಿ ಮಂಗಗಳಿಗೆ ಕವಣೆ ಕಲ್ಲು, ಬೆರ್ಚಪ್ಪ. ಹಂದಿಗೆ ಅಗಳು, ಮುಳ್ಳು ಬೇಲಿ. ಇವತ್ತಿಗೂ ಹಳೆಯ ತೋಟಗಳ ಅಂಚಿನಲ್ಲಿ ಮುಚ್ಚಿಹೋದ ಅಗಳಿನ ಗುರುತು ಕಾಣಸಿಗುತ್ತದೆ. ಕಾವಲು ಒಬ್ಬನ ಕೆಲಸವಾಗಿರಲಿಲ್ಲ, ಸರದಿಯ ಮೇಲೆ ಊರಿನ ಕೆಲಸವಾಗಿತ್ತು ಎಂಬುದನ್ನು ಓದುಗರು ನೆನಪಿಡಬೇಕು. ಕೊನೆಯಲ್ಲಿ ಈ ಮಾತಿಗೆ ಮತ್ತೆ ಬರುತ್ತೇವೆ.

ಇನ್ನು ಕೋವಿಯ ವಿಚಾರ. ಬತ್ತಿಯಿಂದ ಕಿಡಿ ಕೊಡುವ ಕೋವಿ, ಚಕಮಕಿ ಕಲ್ಲಿನ ಕೋವಿ ಇವೆರಡೂ ಮೊದಲು ಸೈನ್ಯದ ಸಾಮಾನು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡು ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಅದೇ ಇಂದಿನ ನಮ್ಮ ನಗರ. ಅಲ್ಲಿ ಟಂಕಸಾಲೆಯ ಜೊತೆಗೆ ದೊಡ್ಡ ಆಯುಧಶಾಲೆಯನ್ನೂ ನಡೆಸಿದ, ಮದ್ದುಗುಂಡು ಆಯುಧ ತಯಾರಿಕೆಗೆ ಅನೇಕ ಕೈಗಳು ದುಡಿಯುತ್ತಿದ್ದವು ಎಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಇದು ಬರೀ ಪುಸ್ತಕದ ಮಾತಲ್ಲ. 2018ರಲ್ಲಿ ನಗರದ ಹತ್ತಿರ ಒಂದು ಹಾಳುಬಾವಿಯ ಹೂಳು ತೆಗೆದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಅದೇ 1760ರ ದಶಕದಲ್ಲಿ ಬಿಹಾರದ ಮುಂಗೇರಿನಲ್ಲಿ ಬಂಗಾಳದ ನವಾಬ ಮೀರ್ ಕಾಸಿಂ ಬಂದೂಕಿನ ಕಾರ್ಖಾನೆ ಹಾಕಿಸಿದ. ನಗರದ ಆಯುಧಶಾಲೆ ಕಾಲಕ್ರಮದಲ್ಲಿ ಮುಚ್ಚಿಹೋಯಿತು. ಮುಂಗೇರಿನ ಕಸುಬು ಮಾತ್ರ ಉಳಿದು, ಅಲ್ಲಿನ ಕೋವಿಗಳು ಮುಂದೆ ದೇಶದ ಮೂಲೆಮೂಲೆಯ ರೈತರ ಮನೆ ಸೇರಿದವು.

ಚಕಮಕಿ ಕೋವಿ ನಮ್ಮ ಮಳೆಗೆ ಬಾಳುವ ವಸ್ತುವಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಇಂಥ ಕಡೆ ಹೊರಗೆ ತೆರೆದಿಟ್ಟ ಬಟ್ಟಲಿನ ಮಸಿಗೆ ಕಿಡಿ ತಾಗುವುದೆಲ್ಲಿ! ಇದಕ್ಕೆ ಪರಿಹಾರ ಬಂದದ್ದು ದೂರದ ಸ್ಕಾಟ್ಲೆಂಡಿನಿಂದ. ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಹುಚ್ಚು. ಬಟ್ಟಲಿನ ಮಸಿ ಭಗ್ ಎಂದಾಗ ಗುಂಡು ಹೊರಡುವ ಮೊದಲೇ ಹಕ್ಕಿ ಹಾರಿಬಿಡುತ್ತಿತ್ತು. ಅದಕ್ಕಾಗಿ ಪೆಟ್ಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯವನ್ನು ಕಂಡುಹಿಡಿದು 1807ರಲ್ಲಿ ಪೇಟೆಂಟ್ ಮಾಡಿಸಿಕೊಂಡರು. ಅದರಿಂದ ಮುಂದೆ ಬಂದದ್ದೇ ತಾಮ್ರದ ಸಣ್ಣ ಟೋಪಿಯಂಥ ಕೇಪು. ನಮ್ಮವರು ಕೇಪಿನ ಕೋವಿ ಎಂದದ್ದು ಇದನ್ನೇ.

ಕೇಪಿನ ಕೋವಿಯನ್ನು ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಉದ್ದನೆಯ ನಳಿಗೆಯ ಬಾಯಿಂದ ಅಳತೆಯ ಮಸಿ ಸುರಿಯಬೇಕು. ಅದರ ಮೇಲೆ ತೆಂಗಿನ ಕತ್ತ ತುರುಕಿ ಗಜದಿಂದ ಕುಟ್ಟಬೇಕು. ಆಮೇಲೆ ಚರೆ ಅಥವಾ ಗುಂಡು, ಮತ್ತೆ ಕತ್ತ, ಮತ್ತೆ ಗಜ. ಕಡೆಗೆ ಕುದುರೆ ಎತ್ತಿ ತೊಟ್ಟಿಗೆ ಕೇಪು ಹಾಕಬೇಕು. ಒಂದು ಈಡಿಗೆ ಇಷ್ಟೆಲ್ಲ ಆಗಬೇಕು. ಈಡು ತಪ್ಪಿದರೆ ಮತ್ತೊಂದು ಹಾಕುವಷ್ಟರಲ್ಲಿ ಹಂದಿ ಮುಂದಿನ ಊರು ಸೇರಿರುತ್ತಿತ್ತು. ಹಾಗಾಗಿ ಹಿರಿಯರು ಒಂದೇ ಈಡಿನ ಮನುಷ್ಯರಾಗಿದ್ದರು. ಸಿಕ್ಕಾಪಟ್ಟೆ ಹೊಡೆಯುವ ಅಭ್ಯಾಸ ಅವರಿಗಿರಲಿಲ್ಲ. ಆಯುಧಪೂಜೆಯ ದಿನ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ನೇಗಿಲು ಕತ್ತಿಗಳ ಜೊತೆ ಸಾಲಿಗಿಡುತ್ತಿದ್ದರು.

ಈ ಕೋವಿಯಲ್ಲಿ ಗುರಿ ಹಿಡಿಯಲು ಇದ್ದದ್ದು ಒಂದೇ ಒಂದು: ನಳಿಗೆಯ ತುದಿಯ ಹಿತ್ತಾಳೆ ಮಣಿ. ರೈಫಲ್ಲಿಗಾದರೆ ಹಿಂದೆ ಒಂದು ಸೀಳುತಟ್ಟಿ, ಮುಂದೆ ಒಂದು ಮೊನೆ. ಎರಡನ್ನೂ ಕೂಡಿಸಿ ನೋಡಬೇಕು. ನಮ್ಮ ಕೋವಿಗೆ ಹಿಂದಿನ ತಟ್ಟಿ ಇಲ್ಲ. ಹಾಗಾದರೆ ಹಿಂದಿನ ತಟ್ಟಿ ಯಾವುದು? ಹೊಡೆಯುವವನ ಕಣ್ಣೇ! ಅದಕ್ಕೇ ಹಿರಿಯರು, ಕೆನ್ನೆ ಮರಕ್ಕೆ ಪ್ರತಿಸಲ ಒಂದೇ ಜಾಗಕ್ಕೆ ತಾಗಬೇಕು ಕಣ್ರೋ ಎಂದು ಬೈದು ಬೈದು ಕಲಿಸುತ್ತಿದ್ದುದು. ಕೆನ್ನೆ ಅರ್ಧ ಅಂಗುಲ ಮೇಲಾದರೆ ಈಡು ಮೇಲೆ ಹೋಗುತ್ತದೆ. ಕತ್ತಲೆಯಲ್ಲಿ ಮಣಿ ಕಾಣದು. ಅದಕ್ಕೆ ಮಣಿಗೆ ಒಂದು ಚಿಟಿಕೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಡಬ್ಬಿ ಎಲೆಯಡಿಕೆಗೂ ಆಯಿತು, ಗುರಿಗೂ ಆಯಿತು.

ಮಣಿಯೊಂದೇ ಸಾಕಾಗಿತ್ತೆ ಎಂದು ಕೇಳಬಹುದು. ಸಾಕಾಗಿತ್ತು, ಕಾರಣ ಇದೆ. ನಯವಾದ ನಳಿಗೆಯಿಂದ ಹೊರಟ ಚರೆ ಹರಡುತ್ತ ಹೋಗುತ್ತದೆ. ಬಾಯಿ ಬಿಗಿ ಇಲ್ಲದ ನಳಿಗೆಯಾದರೆ 40 ಗಜ ದೂರದಲ್ಲಿ 30 ಅಂಗುಲ ಅಗಲದ ವರ್ತುಲದೊಳಗೆ ನೂರಕ್ಕೆ 40ರಷ್ಟು ಚರೆ ಬೀಳುತ್ತದೆ. ಪೂರಾ ಬಿಗಿ, ಅಂದರೆ ಫುಲ್ ಚೋಕ್ ಇದ್ದರೆ ನೂರಕ್ಕೆ 70. ಅದಕ್ಕಿಂತ ದೂರದಲ್ಲಿ ಚರೆಯ ನಡುವೆ ಸಂದು ಹೆಚ್ಚಾಗಿ ಪ್ರಾಣಿ ಸಾಯದೆ ಗಾಯವಾಗಿ ಓಡುತ್ತದೆ. ನಮ್ಮ ಹಳುವಿನಲ್ಲಿ ಕಣ್ಣಿಗೆ ಕಾಣುವುದೇ 30-40 ಗಜ. ಅಷ್ಟಕ್ಕೆ ಮಣಿ ಧಾರಾಳ ಸಾಕು. ಅಲ್ಲದೆ ಕೈಯಳತೆಯ ಮಸಿ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ. ಅಂಥ ಕೋವಿಗೆ ಎಷ್ಟು ನಾಜೂಕಿನ ಗುರಿ ಸಾಧನ ಕೂರಿಸಿದರೂ ವ್ಯರ್ಥ.

ಆಮೇಲೆ ತೋಟಾ ಕೋವಿ ಬಂತು. ಅನುಕೂಲಸ್ಥರ ಮನೆಗೆ ಮತ್ತು ಕಾಫಿ ತೋಟದ ಸಾಹುಕಾರರಿಗೆ ಬರ್ಮಿಂಗ್‌ಹ್ಯಾಮಿನ ಜೋಡುನಳಿಗೆ, ಆಮೇಲಾಮೇಲೆ ನಮ್ಮ ದೇಶದ್ದೇ ಕೋವಿ. ಹನ್ನೆರಡು ಬೋರು ಎಂಬ ಮಾತನ್ನು ಎಲ್ಲರೂ ಆಡುತ್ತೇವೆ, ಅರ್ಥ ಕೇಳಿದರೆ ಹೇಳುವವರು ಕಡಿಮೆ. ಆ ನಳಿಗೆಗೆ ಸರಿಹೊಂದುವ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡು ತೂಕ. ಅದೇ ಹನ್ನೆರಡು ಬೋರು, ಅಳತೆಯಲ್ಲಿ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಕುವೆಂಪು ಅವರ ಮಲೆನಾಡಿನ ಚಿತ್ರಗಳು, ಕಾದಂಬರಿಗಳು ಓದಿದವರಿಗೆ ಈ ಕೋವಿ, ಈಡು, ಸೋವು, ಕಂಡಿ ಎಲ್ಲ ಗೊತ್ತಿರುವ ಮಾತೇ. ಅವರ ಕುಪ್ಪಳಿಯೂ ನಮ್ಮ ತಾಲ್ಲೂಕಿನದೇ ತಾನೆ.

ಕಾನೂನಿನ ಕಥೆಯನ್ನೂ ಹೇಳಬೇಕು. 1857ರ ನಂತರ ಇಂಗ್ಲಿಷರು ಜನರ ಕೈಯ ಆಯುಧ ಬಿಡಿಸಿದರು. ಕೊಡಗಿನವರಿಗೆ ಮಾತ್ರ 1861ರಲ್ಲಿ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇಂದೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ನಮ್ಮ ಮಲೆನಾಡಿಗೆ ಆ ಭಾಗ್ಯವಿಲ್ಲ, ನಮಗೆ ಲೈಸೆನ್ಸೇ ಗತಿ. ಮೈಸೂರು ಸಂಸ್ಥಾನದಲ್ಲಿ ಒಂದು ಕಡೆ ಹುಲಿ ಚಿರತೆ ಕೊಂದವರಿಗೆ ಇನಾಮು ಕೊಡುತ್ತಿದ್ದರು. ಇನ್ನೊಂದು ಕಡೆ 1901ರಲ್ಲಿ ಬೇಟೆ ಮತ್ತು ಮೀನಿನ ಸಂರಕ್ಷಣೆಗೆ ಕಾನೂನು ಮಾಡಿದರು. ಸ್ವಾತಂತ್ರ್ಯದ ನಂತರ 1959ರ ಆಯುಧ ಕಾಯಿದೆ ಬಂದು 1962ರಲ್ಲಿ ಜಾರಿಯಾಯಿತು. ಅದರಲ್ಲಿ ರೈತನಿಗೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ನಿಜವಾಗಿ ಬೆಳೆ ರಕ್ಷಣೆಗೆ ಎಂದಾದರೆ ಬಾಯಿಂದ ಮಸಿ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆ ಕೋವಿಗೂ ಕೊಡಬಹುದು ಎಂದು ಅದರಲ್ಲಿದೆ. 2019ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು, ಒಬ್ಬರ ಬಳಿ ಇರಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಯಲ್ಲಿಟ್ಟು ಬರುವ ಕಷ್ಟ ಸದಸ್ಯರಿಗೆ ಹೇಳಬೇಕಾಗಿಲ್ಲ. ಮತ ಎಣಿಕೆ ಮುಗಿಯುವ ತನಕ ಹಂದಿಗಳು ಕಾಯುವುದಿಲ್ಲ.

ಆದರೆ ಲೈಸೆನ್ಸ್ ಇರುವುದು ಕೋವಿಗೆ, ಕೊಲ್ಲುವುದಕ್ಕಲ್ಲ. ಇದನ್ನು ನಮ್ಮಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಬಿಗಿಯಾಯಿತು, 1991ರ ತಿದ್ದುಪಡಿಯಲ್ಲಿ ಶಿಕಾರಿ ಪರವಾನಗಿಯೇ ಹೋಯಿತು. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಹಂದಿಯಂಥ ಪ್ರಾಣಿ ನಿಂತ ಬೆಳೆಗೆ ಅಪಾಯ ಮಾಡುತ್ತಿದ್ದರೆ ಕಾಯಿದೆಯ 11ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಈಡು ಹಾರಿಸಿದರೆ ಬೆಳೆಯೂ ಹೋಯಿತು, ಮಾನವೂ ಹೋಯಿತು.

ಈಗ ದುರ್ಬೀನಿನ ಮಾತು. ಇತ್ತೀಚೆಗೆ ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿಕೊಂಡು ಬಂದು, ಕೋವಿಗೆ ಸ್ಕೋಪ್ ಹಾಕಿಸಿದರೆ ಹೇಗೆ ಎಂದು ಕೇಳುತ್ತಾರೆ. ಬಂದೂಕಿನ ಮೇಲೆ ದುರ್ಬೀನು ಕೂರಿಸುವ ವಿದ್ಯೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ (1861-65) ಹೊತ್ತಿಗೇ ಅದು ಬಳಕೆಯಲ್ಲಿತ್ತು. ಅಲ್ಲಿ ಕಯೋಟಿ ಎಂಬ ಪ್ರಾಣಿ ಇದೆ. ನಮ್ಮ ಗುಳ್ಳೆನರಿಗಿಂತ ಕೊಂಚ ದೊಡ್ಡದು, ತೋಳಕ್ಕಿಂತ ಚಿಕ್ಕದು. ಕುರಿಮರಿ ಕದಿಯುತ್ತದೆ ಎಂದು ಅಲ್ಲಿನ ರೈತರಿಗೆ ಅದರ ಮೇಲೆ ಸಿಟ್ಟು. ಬಯಲು ಸೀಮೆಯಲ್ಲಿ 200-300 ಗಜ ದೂರದಿಂದ ಅದನ್ನು ರೈಫಲ್ಲಿನಲ್ಲಿ ಹೊಡೆಯುತ್ತಾರೆ. ಅಷ್ಟು ದೂರಕ್ಕೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು ಬೇಕೇ ಬೇಕು. ಅವರ ಆಯ್ಕೆ ಅವರಿಗೆ ಸರಿ. ನಮ್ಮ ತೋಟದಲ್ಲಿ 300 ಗಜ ದೂರ ಕಾಣುವ ಜಾಗ ಇದ್ದರೆ ತೋರಿಸಿ!

ಆದರೂ ಲೆಕ್ಕ ತಿಳಿದಿರುವುದು ಒಳ್ಳೆಯದು. ಗುರಿ ಸಾಧನ ಆರಿಸುವಾಗ ನೋಡಬೇಕಾದ ಮೊದಲನೆಯದು ದೂರ. ಹಿಗ್ಗಿಸುವ ಪಟ್ಟು ಹೆಚ್ಚಾದಷ್ಟೂ ಕಾಣುವ ಅಗಲ ಕಿರಿದಾಗುತ್ತದೆ. ಇಪ್ಪತ್ತು ಮಾರಿನಲ್ಲಿ ಓಡುವ ಹಂದಿಯನ್ನು ಒಂಬತ್ತು ಪಟ್ಟಿನ ಗಾಜಿನಲ್ಲಿ ನೋಡಿದರೆ ಕಾಣುವುದು ಬರೀ ಕೂದಲು. ಎರಡನೆಯದು ಬೆಳಕು. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 32 ಮಿಲಿಮೀಟರ್ ಗಾಜು, ನಾಲ್ಕು ಪಟ್ಟು ಎಂದರೆ ಎಂಟು. 40ರ ಗಾಜು, ಒಂಬತ್ತು ಪಟ್ಟು ಎಂದರೆ ನಾಲ್ಕೂವರೆಗೂ ಕಡಿಮೆ. ಕತ್ತಲೆಯಲ್ಲಿ ಪ್ರಾಯದವರ ಪಾಪೆ ಸುಮಾರು ಏಳು ಮಿಲಿಮೀಟರ್ ಅರಳುತ್ತದೆ, ವಯಸ್ಸಾದಂತೆ ಅದೂ ಕಡಿಮೆ. ಹಾಗಾಗಿ ಮಬ್ಬಿನ ಹೊತ್ತಿಗೆ ಕಡಿಮೆ ಪಟ್ಟಿನದೇ ವಾಸಿ. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ಪಟ್ಟಿನದು ತಂದವನಿಗೆ ಸಂಜೆ ಕತ್ತಲೆಯೇ ಕಾಣುತ್ತದೆ. ಮೂರನೆಯದು ನಮ್ಮ ಮಳೆ. ಒಳಗೆ ತೇವ ಹೋಗದಂತೆ ನೈಟ್ರೋಜನ್ ತುಂಬಿ ಬಿಗಿ ಮಾಡಿರದಿದ್ದರೆ ಆಷಾಢದಲ್ಲಿ ಗಾಜಿನ ಒಳಗೇ ಇಬ್ಬನಿ.

ಏರ್‌ಗನ್ನಿನ ಬಗ್ಗೆ ಒಂದು ಮಾತು. ಮಂಗ ಬೆದರಿಸಲು ಈಗ ಮನೆಮನೆಯಲ್ಲೂ ಅದೇ. 0.177 ಬೋರು ಮತ್ತು 20 ಜೂಲ್ ಶಕ್ತಿ ಮೀರದಿದ್ದರೆ ಅದಕ್ಕೆ ಲೈಸೆನ್ಸ್ ಬೇಡ. ನಾವೂ ಒಂದಕ್ಕೆ ಪೇಟೆಯಿಂದ ಅಗ್ಗದ ಸ್ಕೋಪ್ ತಂದು ಹಾಕಿದೆವು. ಎರಡೇ ವಾರಕ್ಕೆ ಒಳಗಿನ ಗೆರೆ ಕಿತ್ತು ಬಂತು. ಆಮೇಲೆ ಬಲ್ಲವರು ಹೇಳಿದರು: ಸ್ಪ್ರಿಂಗಿನ ಏರ್‌ಗನ್ನು ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಬಂದೂಕಿಗೆ ಮಾಡಿದ ದುರ್ಬೀನು ಹಿಂದಿನ ಒದೆತ ತಾಳುತ್ತದೆಯೇ ಹೊರತು ಮುಂದಿನದನ್ನಲ್ಲ. ಅಲ್ಲದೆ ಅದನ್ನು 100 ಗಜಕ್ಕೆ ಹೊಂದಿಸಿರುತ್ತಾರೆ, ಹತ್ತು ಗಜದಲ್ಲಿ ಎಲ್ಲ ಮಸುಕು. ದುರ್ಬೀನು ನಳಿಗೆಗಿಂತ ಒಂದೂವರೆ ಅಂಗುಲ ಮೇಲೆ ಕೂತಿರುವುದರಿಂದ 25 ಮೀಟರಿಗೆ ಸರಿ ಮಾಡಿದ್ದು ಐದು ಮೀಟರಿನಲ್ಲಿ ಗುರಿಗಿಂತ ಕೆಳಗೆ ಬೀಳುತ್ತದೆ. ಡಬ್ಬಕ್ಕೆ ಗುರಿ ಇಟ್ಟು ಕಲಿಯಲಿಕ್ಕೆ ಇದೆಲ್ಲ ಸರಿ. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಮಂಗನಿಗೋ ನವಿಲಿಗೋ ಹೊಡೆಯಬಹುದು ಎಂದಲ್ಲ, ಗಾಯ ಮಾಡಿದರೂ ಅದು ಬೇಟೆಯ ಲೆಕ್ಕವೇ. ರೈಫಲ್ಲಿನ ಆಸೆಯಂತೂ ಬೇಡ. ಸಣ್ಣದೆನ್ನುವ 0.22ರ ಗುಂಡು ಒಂದೂವರೆ ಮೈಲಿ ಹೋಗಬಲ್ಲದು. ನಮ್ಮ ತೋಟದಿಂದ ಒಂದೂವರೆ ಮೈಲಿಯೊಳಗೆ ಎಷ್ಟು ಮನೆ, ಎಷ್ಟು ಕೊಟ್ಟಿಗೆ, ಒಂದು ಶಾಲೆ ಇದೆ ಎಂದು ಎಣಿಸಿ ನೋಡಿ.

ಇಷ್ಟೆಲ್ಲ ಬರೆದ ಮೇಲೆ, ಬರೆಯದೆ ಬಿಡಬೇಕು ಅಂತ ಇದ್ದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇವೆ. ನಾವು ಹುಡುಗರಾಗಿದ್ದಾಗ ನಮ್ಮ ಮನೆಯ ಹಿರಿಯರೊಬ್ಬರು ಸೀಮೆಗೇ ಹೆಸರಾದ ಗುರಿಕಾರರು. ಅವರ ಈಡು ತಪ್ಪಿದ್ದು ನಾವು ಕಂಡಿಲ್ಲ. ಒಂದು ಮುಂಜಾನೆ, ಇನ್ನೂ ಮಂಜು ಹರಿದಿರಲಿಲ್ಲ, ಗದ್ದೆಯ ಅಂಚಿನ ಮಟ್ಟಿ ಅಲುಗಿತು. ಹಿಂದಿನ ರಾತ್ರಿ ಹಂದಿ ಎರಡು ಕೊಳಗ ಬಿತ್ತಿದ ಜಾಗ ಹಾಳುಮಾಡಿತ್ತು. ಅವರು ಮಣಿ ಕೂಡಿಸಿ ಈಡು ಹಾರಿಸಿದರು. ಮಟ್ಟಿಯೊಳಗಿದ್ದದ್ದು ಹಂದಿಯಲ್ಲ, ಸೊಪ್ಪು ಕೊಯ್ಯಲು ಬಂದಿದ್ದ ನಮ್ಮ ಪಕ್ಕದ ಮನೆಯವರು. ತೊಡೆಗೆ ಚರೆ ಹೊಕ್ಕಿತ್ತು. ಕಂಬಳಿಯ ಜೋಲಿಯಲ್ಲಿ ಹೊತ್ತುಕೊಂಡು ಹೋದೆವು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಅವರು ದೂರು ಕೊಡಲಿಲ್ಲ. ನಮ್ಮ ಹಿರಿಯರು ಆ ಕೋವಿಯನ್ನು ತಾವಾಗಿ ಒಪ್ಪಿಸಿ ಬಂದರು, ಮತ್ತೆ ತರಲಿಲ್ಲ. ಅವರ ಗದ್ದೆ ನಾಟಿಯನ್ನು ಕೊನೆತನಕ ನಮ್ಮ ಮನೆಯವರೇ ಮೊದಲು ಮಾಡಿಕೊಟ್ಟು ಆಮೇಲೆ ನಮ್ಮದು ಮಾಡಿಕೊಳ್ಳುತ್ತಿದ್ದೆವು.

ಬಹಳ ವರ್ಷದ ಮೇಲೆ ಒಂದು ಮಳೆಗಾಲದ ಸಂಜೆ ಅವರೇ ಹೇಳಿದ್ದು: "ಗುರಿ ತಪ್ಪಿರಲಿಲ್ಲ ಮಾರಾಯ. ಗುರಿ ಸರಿಯಾಗೇ ಇತ್ತು. ನೋಡಿದ್ದೇ ತಪ್ಪು."

ಗುರಿ ಸಾಧನದ ಬಗ್ಗೆ ನಾವು ಓದಿದ ಯಾವ ಪುಸ್ತಕದಲ್ಲೂ ಇದಕ್ಕಿಂತ ದೊಡ್ಡ ಮಾತು ಸಿಕ್ಕಿಲ್ಲ. ಮಣಿಯಾಗಲಿ, ಸೀಳುತಟ್ಟಿಯಾಗಲಿ, ಸಾವಿರಾರು ರೂಪಾಯಿಯ ದುರ್ಬೀನಾಗಲಿ, ಗುಂಡು ಎಲ್ಲಿ ಬೀಳುತ್ತದೆ ಎಂದು ಹೇಳುತ್ತವೆ. ಅಲ್ಲಿ ಇರುವುದು ಯಾರು ಎಂದು ಹೇಳುವುದಿಲ್ಲ. ಅದನ್ನು ನಾವೇ ನೋಡಬೇಕು. ದುರ್ಬೀನಿನಲ್ಲಿ ಹುಡುಕುತ್ತ ಕೂತರಂತೂ ಕೋವಿಯ ಬಾಯಿಯೂ ಜೊತೆಯಲ್ಲೇ ತಿರುಗುತ್ತಿರುತ್ತದೆ ಎಂಬುದನ್ನು ಮರೆಯಬಾರದು. ತಲೆಗೆ ಬ್ಯಾಟರಿ ಕಟ್ಟಿಕೊಂಡು ಹೋದವನಿಗೆ ಕಾಣುವುದು ಎರಡು ಹೊಳೆಯುವ ಕಣ್ಣು ಅಷ್ಟೆ. ಕೊಟ್ಟಿಗೆಯಿಂದ ತಪ್ಪಿಸಿಕೊಂಡ ಕರುವಿನ ಕಣ್ಣೂ ಹೊಳೆಯುತ್ತದೆ.

ಹಾಗಾದರೆ ಬೆಳೆ ಉಳಿಸುವುದು ಹೇಗೆ? ಕೆಲವರು ಸಿಡಿಮದ್ದಿನ ಉಂಡೆ ಇಡುತ್ತಾರೆ, ದನದ ಬಾಯಿ ಒಡೆಯುತ್ತದೆ. ಕೆಲವರು ಕಂಬದಿಂದ ನೇರ ಕರೆಂಟು ಬೇಲಿಗೆ ಕೊಡುತ್ತಾರೆ, ಅದು ಹಂದಿ ಆನೆ ಮನುಷ್ಯ ಎಂದು ನೋಡುವುದಿಲ್ಲ, ಮಾಡಿದವನು ಜೈಲಿಗೆ. ಸೋಲಾರ್ ಬೇಲಿ ಹಾಗಲ್ಲ, ಕ್ಷಣಮಾತ್ರದ ಏಟು ಕೊಟ್ಟು ಬಿಡುತ್ತದೆ, ಕೊಲ್ಲುವುದಿಲ್ಲ. ಆದರೆ ಒಬ್ಬನೇ ತನ್ನ ತೋಟಕ್ಕೆ ಹಾಕಿಕೊಂಡರೆ ಹಂದಿ ಪಕ್ಕದವನ ತೋಟಕ್ಕೆ ಹೋಗುತ್ತದೆ ಅಷ್ಟೆ. ಹತ್ತು ಮನೆ ಸೇರಿ ಇಡೀ ಬಯಲಿಗೆ ಸುತ್ತು ಹಾಕಿದರೆ ಖರ್ಚೂ ಕಡಿಮೆ, ಕಾವಲೂ ಗಟ್ಟಿ. ಬಳ್ಳಿ ಹಬ್ಬದಂತೆ ಸವರುವ ಕೆಲಸವನ್ನು ಸರದಿಯ ಮೇಲೆ ಮಾಡಿಕೊಂಡರಾಯಿತು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದೂ ಈ ಕಾವಲಿನ ಭಾಗವೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ.

ಮಾಳದಿಂದ ಮಾಳಕ್ಕೆ ಕೂಗು ಕೊಟ್ಟು ಬೆಳೆ ಕಾದವರ ಮಕ್ಕಳು ನಾವು. ಆ ಕೂಗಿನ ಇನ್ನೊಂದು ಹೆಸರೇ ಸಹಕಾರ ಎಂದು ನಾವು ತಿಳಿದಿದ್ದೇವೆ. ಆ ಕಾಲು ಕುಂಟಿದ ಹಿರಿಯರು ನಮ್ಮ ಸಂಘದ ಮೊದಲ ಷೇರುದಾರರಲ್ಲಿ ಒಬ್ಬರು. ಕೋವಿ ಒಪ್ಪಿಸಿದ ನಮ್ಮ ಹಿರಿಯರು ಅವರ ಪಕ್ಕದಲ್ಲೇ ಕೂತು ಮೊದಲ ಮಹಾಸಭೆಯ ಹಾಜರಿ ಪುಸ್ತಕಕ್ಕೆ ರುಜು ಹಾಕಿದ್ದರು. ಇಬ್ಬರೂ ಈಗಿಲ್ಲ. ಬರುವ ವರ್ಷಗಳಲ್ಲಿ ನಮ್ಮ ಸಂಘ ಬಯಲಿಗೊಂದು ಸಾಮೂಹಿಕ ಬೇಲಿಯ ಯೋಜನೆಯನ್ನು ಕೈಗೆತ್ತಿಕೊಳ್ಳಲಿ, ಸದಸ್ಯರೆಲ್ಲರೂ ಕೈಜೋಡಿಸಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ. ಸಂಘಕ್ಕೆ ಶುಭವಾಗಲಿ.